ಎದೆನೋವಿಗೆ ರೆಫರಲ್ ಚೀಟಿ ಬೇಕಿಲ್ಲ ಅಂತ ಫೌಜಿ ಮನೆಗಳಿಗೆ ಕನ್ನಡದಲ್ಲಿ ಹೇಳಿ

ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಅಧಿಕಾರಿಗಳಿಗೆ,
ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರಿಗೆ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಡಳಿತಗಳಿಗೆ,

ಮಾನ್ಯರೇ,

ನಾನು ಕಲಬುರಗಿಯ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡಾಕ್ಟರ್. ನಮ್ಮದು ನಿಮ್ಮ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ. ಆಳಂದ, ಅಫಜಲಪುರ, ಚಿಂಚೋಳಿಯಿಂದ ಹಿಡಿದು ಆಚೆ ಹುಮನಾಬಾದ್, ಶಹಾಪುರ, ಸುರಪುರದವರೆಗೆ ಮಾಜಿ ಸೈನಿಕರು, ಅವರ ಹೆಂಡತಿಯರು, ಗಂಡನನ್ನು ಕಳೆದುಕೊಂಡ ತಾಯಂದಿರು ನಮ್ಮಲ್ಲಿಗೆ ಬರುತ್ತಾರೆ. ಇಲ್ಲಿಗೆ ಬರೋಕೆ ಮುಂಚೆ ಕೆಲವು ವರ್ಷ ಸೇನೆಯ ಆಸ್ಪತ್ರೆಯಲ್ಲೇ ಕೆಲಸ ಮಾಡಿದ್ದೆ. ಹಾಗಾಗಿ ಇವರು ಸಮವಸ್ತ್ರದಲ್ಲಿದ್ದಾಗ ಹೇಗಿರುತ್ತಾರೆ, ಪಿಂಚಣಿಗೆ ಬಂದ ಮೇಲೆ ಹೇಗಿರುತ್ತಾರೆ, ಎರಡನ್ನೂ ನೋಡಿದ್ದೇನೆ.

ನಿಮ್ಮಲ್ಲಿ ಕೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತುರ್ತು ಸಮಯದಲ್ಲಿ ನಿಮ್ಮ ಯೋಜನೆಯದೇ ಹೊರರೋಗಿ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್‌ನ ರೆಫರಲ್ ಚೀಟಿ ಇಲ್ಲದೆ ನೇರವಾಗಿ ಆಸ್ಪತ್ರೆಗೆ ಹೋಗಬಹುದು ಅನ್ನೋ ನಿಯಮ ನಿಮ್ಮ ಯೋಜನೆಯಲ್ಲೇ ಇದೆ. ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಇರುವ ನಿಯಮವನ್ನು ಈ ಮೂರು ಜಿಲ್ಲೆಗಳ ಪ್ರತಿ ಫೌಜಿ ಮನೆಗೆ ಕನ್ನಡದಲ್ಲಿ ಮುಟ್ಟಿಸಿ. ಅದು ಮುಟ್ಟದೇ ಇರುವುದರಿಂದ ಜನ ಬೆಳಗಾಗುವ ತನಕ ನೋವು ತಿಂದುಕೊಂಡು ಕೂತಿರುತ್ತಾರೆ. ಕೆಲವರು ಬೆಳಗು ನೋಡೋದೇ ಇಲ್ಲ.

ಆಳಂದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರ ವಿಷಯ ಹೇಳುತ್ತೇನೆ. ರಾತ್ರಿ ಊಟ ಆದ ಮೇಲೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು. ಮನೆಯವರು ಗ್ಯಾಸ್ ಅಂದುಕೊಂಡು ಸೋಡಾ ಕುಡಿಸಿದರು, ಬೆನ್ನು ತಿಕ್ಕಿದರು. ನೋವು ಇಳಿಯಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಬಂದರು. ಪಾಲಿಕ್ಲಿನಿಕ್ ಬಾಗಿಲು ತೆಗೆಯೋ ತನಕ ಹೊರಗೆ ಕೂತರು. ಅಲ್ಲಿನ ಡಾಕ್ಟರ್ ನೋಡಿದ ಕೂಡಲೇ ಓಡಿಸಿ ಕಳಿಸಿದರು, ಅವರ ತಪ್ಪೇನೂ ಇಲ್ಲ. ನಮ್ಮ ಬಾಗಿಲಿಗೆ ಬಂದಾಗ ಅವರ ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈ ಎದೆಯ ಮೇಲೆ.

"ರಾತ್ರಿನ ಯಾಕ ಬರಲಿಲ್ರಿ?" ಅಂತ ಕೇಳಿದೆ.

"ಚೀಟಿ ಇರಲಿಲ್ಲಲ್ರಿ ಮೇಡಂ ಸಾಬ್. ಪಾಲಿಕ್ಲಿನಿಕ್ ಮುಂಜಾನಿ ತೆಗಿತದ."

ಈ ಮಾತು ಹೇಳುವಾಗ ಅವರ ಮುಖದಲ್ಲಿ ಸಿಟ್ಟಾಗಲಿ ಬೇಜಾರಾಗಲಿ ಇರಲಿಲ್ಲ. ಸರಿಯಾದದ್ದನ್ನೇ ಮಾಡಿದ್ದೇನೆ ಅನ್ನೋ ಸಮಾಧಾನ ಇತ್ತು. ಅವರು ಬದುಕಿದರು. ಆದರೆ ಹೃದಯದ ಒಂದು ಭಾಗದ ಸ್ನಾಯು ಸತ್ತುಹೋಗಿತ್ತು. ಈಗ ಹೊಲದ ಬದುವಿನ ತನಕ ನಡೆದರೂ ಉಸಿರು ಕಟ್ಟುತ್ತದೆ.

ಹೃದಯಾಘಾತದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬಹುದು. ಓದುವ ಫೌಜಿ ಮನೆಯವರಿಗಾಗಿ ಹೇಳುತ್ತೇನೆ. ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ಗಳಿಗೆಯಿಂದ ಅದರ ಮುಂದಿನ ಸ್ನಾಯು ಸಾಯಲು ಶುರುವಾಗುತ್ತದೆ. ರೋಗಿ ಬಾಗಿಲಿಗೆ ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು ಅನ್ನೋದು ನಮಗೆ ಕಲಿಸಿದ ಮೊದಲ ಪಾಠ. ನಾಳ ಪೂರ್ತಿ ಮುಚ್ಚಿದೆ ಅಂತ ಇಸಿಜಿ ಹೇಳಿದರೆ, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ಸಿಗುವಂತಿದ್ದರೆ ಅದಕ್ಕೆ ಕಳಿಸುತ್ತೇವೆ. ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್. ಅದಕ್ಕೆ 12 ಗಂಟೆಯ ಮಿತಿ ಇದೆ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟಾಗ ಸಿಗುವ ಲಾಭ ಆಮೇಲೆ ಸಿಗೋದಿಲ್ಲ. ಲಕ್ವಾ ಹೊಡೆದವರಿಗಂತೂ ಹೆಪ್ಪು ಕರಗಿಸುವ ಮದ್ದಿಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಅಷ್ಟರಲ್ಲೇ ಮನೆ ಬಿಡಬೇಕು, ಆಸ್ಪತ್ರೆ ಸೇರಬೇಕು, ತಲೆಯ ಸಿಟಿ ಸ್ಕ್ಯಾನ್ ಆಗಬೇಕು. ಇದರಲ್ಲಿ ಚೀಟಿಗೆ ಎಲ್ಲಿ ಜಾಗ ಇದೆ, ನೀವೇ ಹೇಳಿ.

ಬೇರೆ ರೋಗಿಗಳೂ ತಡ ಮಾಡುತ್ತಾರೆ, ನಿಜ. ದುಡ್ಡಿಲ್ಲ ಅಂತ, ಗಾಡಿ ಸಿಗಲಿಲ್ಲ ಅಂತ, ಗ್ಯಾಸ್ ಅಂದುಕೊಂಡು. ಆದರೆ ಮಾಜಿ ಸೈನಿಕರು ತಡ ಮಾಡುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ನಾನು ಸೇನೆಯಲ್ಲಿದ್ದಾಗಲೇ ಕಂಡಿದ್ದೇನೆ. ಹದಿನೆಂಟು ಹತ್ತೊಂಬತ್ತನೇ ವಯಸ್ಸಿಗೆ ಭರ್ತಿಯಾದ ಹುಡುಗ ಮೈ ಸರಿ ಇಲ್ಲದಿದ್ದರೆ ತಾನಾಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಬೆಳಿಗ್ಗೆ ಸಿಕ್ ರಿಪೋರ್ಟ್‌ಗೆ ಹೆಸರು ಕೊಡಬೇಕು. ಯೂನಿಟ್ ಡಾಕ್ಟರ್ ನೋಡಬೇಕು. ಅವರು ಬರೆದುಕೊಟ್ಟ ಮೇಲೆ ಮುಂದಿನ ಆಸ್ಪತ್ರೆ. ಎಲ್ಲಿಗೆ ಹೋಗಬೇಕಾದರೂ ಕೈಯಲ್ಲಿ ಒಂದು ಕಾಗದ ಇರಬೇಕು. ಇಪ್ಪತ್ತು ವರ್ಷ ಹಾಗೆ ಬದುಕಿದವರಿಗೆ ಪಾಲಿಕ್ಲಿನಿಕ್ ಅಂದರೆ ಅದೇ ಹಳೇ ಕ್ರಮ. ಚೀಟಿ ಅಂದರೆ ಅಪ್ಪಣೆ. ಅಪ್ಪಣೆ ಇಲ್ಲದೆ ಹೊರಡುವುದು ಅವರ ರಕ್ತದಲ್ಲೇ ಇಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಆಳದ್ದು. ನೌಕರಿಯಲ್ಲಿದ್ದಾಗ ಕಾಯಿಲೆ ಬಯಲಾದರೆ ಲೋ ಮೆಡಿಕಲ್ ಕ್ಯಾಟಗರಿಗೆ, ಅಂದರೆ ದೈಹಿಕ ಅರ್ಹತೆ ಕಡಿಮೆ ಇರುವವರ ಪಟ್ಟಿಗೆ ಹಾಕುತ್ತಾರೆ. ಹಾಕಿದರೆ ಬಡ್ತಿಗೆ ಅಡ್ಡಿ, ಒಳ್ಳೆ ಪೋಸ್ಟಿಂಗ್‌ಗೆ ಅಡ್ಡಿ. ಹಾಗಾಗಿ ಎಷ್ಟೋ ಜನ ಮಂಡಿನೋವು, ಬಿಪಿ, ಉಸಿರಾಟದ ತೊಂದರೆ ಎಲ್ಲವನ್ನೂ ಮುಚ್ಚಿಟ್ಟುಕೊಂಡೇ ಸರ್ವಿಸ್ ಮುಗಿಸುತ್ತಾರೆ. ಆ ಅಭ್ಯಾಸ ಪಿಂಚಣಿ ಬಂದ ಮೇಲೂ ಹೋಗುವುದಿಲ್ಲ. ಮೂಳೆ ಮುರಿದು ಕಾಲು ಸೊಟ್ಟಗಾಗಿ ಮಲಗಿದವರನ್ನು ನೋವು ಎಷ್ಟಿದೆ ಅಂತ ಕೇಳಿ. "ಏನಿಲ್ರಿ, ಠೀಕ್ ಅದೀನಿ" ಅನ್ನುತ್ತಾರೆ. ನಮ್ಮ ಕಿರಿಯ ಡಾಕ್ಟರ್‌ಗಳಿಗೆ ನಾನು ಹೇಳುವುದಿಷ್ಟೇ: ಫೌಜಿ ಠೀಕ್ ಅಂದರೆ ಮಾತು ಬಿಡಿ, ನಾಡಿ ನೋಡಿ, ಬೆವರು ನೋಡಿ, ಮುಷ್ಟಿ ನೋಡಿ. ಹಾಸಿಗೆಯ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಅಂತ ನೋಡಿ.

ಈಗ ನಿಯಮಕ್ಕೆ ಬರುತ್ತೇನೆ. 2003ರ ಏಪ್ರಿಲ್ 1ರಂದು ಇಸಿಎಚ್‌ಎಸ್ ಶುರುವಾಯಿತು. ಅದಕ್ಕೂ ಮುಂಚೆ ಪಿಂಚಣಿದಾರರಿಗೆ ಸೇನೆಯ ಆಸ್ಪತ್ರೆಗಳೇ ಗತಿ. ನಮ್ಮ ಕಡೆಯವರಿಗೆ ಅಂದರೆ ಸಿಕಂದರಾಬಾದ್ ಅಥವಾ ಬೆಳಗಾವಿ. ಯೋಜನೆ ಬಂದ ಮೇಲೆ ಊರ ಹತ್ತಿರದ ಖಾಸಗಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗುವಂತಾಯಿತು. ಇದು ಸಣ್ಣ ಉಪಕಾರ ಅಲ್ಲ. ಎಷ್ಟೋ ಮನೆಗಳು ಸಾಲದಿಂದ ಉಳಿದಿವೆ. ಮಾಮೂಲಿ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ಚೀಟಿ ತಗೊಂಡು ಆಸ್ಪತ್ರೆಗೆ ಬರಬೇಕು. ಅದು ಸರಿ. ಆದರೆ ಎದೆನೋವು, ಲಕ್ವಾ, ಅಪಘಾತ, ಹಾವು ಕಡಿತ, ಸುಟ್ಟ ಗಾಯ, ಪ್ರಜ್ಞೆ ತಪ್ಪುವುದು ಇಂಥ ಜೀವಕ್ಕೇ ಅಪಾಯ ಇರುವ ಹೊತ್ತಿನಲ್ಲಿ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಬರಬಹುದು. ಮುಂಗಡ ಕಟ್ಟಿಸಿಕೊಳ್ಳುವಂತಿಲ್ಲ. ಪಾಲಿಕ್ಲಿನಿಕ್‌ಗೆ ಸುದ್ದಿ ಮುಟ್ಟಿಸುವುದು ಆಸ್ಪತ್ರೆಯ ಕೆಲಸ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯೇ ಹತ್ತಿರ ಇದ್ದರೆ ಅಲ್ಲಿಗೂ ಹೋಗಬಹುದು. ಆಗ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಬಿಲ್ ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ಸರ್ಕಾರಿ ದರದ ಪ್ರಕಾರ ವಾಪಸ್ ಬರುತ್ತದೆ.

ಇಷ್ಟೇ. ಒಂದು ಹಾಳೆಯ ಅರ್ಧದಲ್ಲಿ ಬರೆಯಬಹುದು. ಆದರೆ ಈ ಅರ್ಧ ಹಾಳೆ ಕನ್ನಡದಲ್ಲಿ ನಮ್ಮ ಹಳ್ಳಿಗಳ ಒಂದು ಮನೆಯಲ್ಲೂ ನಾನು ಕಂಡಿಲ್ಲ. ಸುತ್ತೋಲೆಗಳು ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲಿವೆ. ಫೌಜಿಗೆ ಹಿಂದಿ ಬರುತ್ತದೆ, ಒಪ್ಪಿದೆ. ಆದರೆ ರಾತ್ರಿ ಎದೆನೋವು ಬಂದಾಗ ನಿರ್ಧಾರ ಮಾಡುವವರು ಯಾರು? ಅವರ ಹೆಂಡತಿ. ಅವರಿಗೆ ಗೊತ್ತಿರುವುದು ಕನ್ನಡ. ಕೆಲವರಿಗೆ ಓದು ಕೂಡ ಅಷ್ಟಕ್ಕಷ್ಟೇ. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಇರುತ್ತಾರೆ.

ಆ ಮನೆಗಳ ಕಾಗದಪತ್ರ ಎಲ್ಲಿರುತ್ತದೆ ಅಂತ ನನಗೆ ಈಗ ಬಾಯಿಪಾಠ ಆಗಿದೆ. ಕಪ್ಪು ಕಬ್ಬಿಣದ ಟ್ರಂಕು. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು, ಯೂನಿಟ್ಟು. ಒಳಗೆ ಇಸ್ತ್ರಿ ಮಾಡಿದ ಒಂದು ಕೋಟು, ಅದರ ಕೆಳಗೆ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಇಸಿಎಚ್‌ಎಸ್ ಕಾರ್ಡು. ಬೀಗದ ಕೈ ಯಜಮಾನರ ಉಡಿದಾರದಲ್ಲಿ. ಅವರಿಗೇ ಪ್ರಜ್ಞೆ ತಪ್ಪಿದರೆ ಆ ಟ್ರಂಕು ತೆಗೆಯುವುದೇ ಒಂದು ಗಂಟೆಯ ಕೆಲಸ. ಎಷ್ಟೋ ತಾಯಂದಿರು ಕಾರ್ಡು ಸಿಗಲಿಲ್ಲ ಅಂತ ಗಂಡನನ್ನು ಮನೆಯಲ್ಲೇ ಇಟ್ಟುಕೊಂಡು ಹುಡುಕಿದ್ದಾರೆ. ಅವ್ವಂದಿರೇ, ದಯವಿಟ್ಟು ಕೇಳಿ. ಮೊದಲು ರೋಗಿಯನ್ನು ಕರೆತನ್ನಿ. ಕಾರ್ಡನ್ನು ಹಿಂದಿನಿಂದ ಯಾರಾದರೂ ತರಲಿ.

ಆಸ್ಪತ್ರೆಗಳ ಕೌಂಟರಿನಲ್ಲೂ ತೊಂದರೆ ಇದೆ. ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ಪಾಳಿಯಲ್ಲಿ ಕೂತ ಹುಡುಗನಿಗೆ ಯೋಜನೆಯ ಬಗ್ಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಚೀಟಿ ಇಲ್ಲದೆ ದಾಖಲು ಮಾಡಿದರೆ ಬಿಲ್ ಪಾಸಾಗದು ಅನ್ನೋ ಭಯ ಅವನಿಗೆ. ಅದಕ್ಕೆ ಡಿಪಾಸಿಟ್ ಕೇಳುತ್ತಾನೆ. ಹೀಗೆ ಒಂದು ಕಡೆ ಡಿಪಾಸಿಟ್ ಇಲ್ಲ ಅಂತ ವಾಪಸ್ ಹೋಗಿ ನಮ್ಮಲ್ಲಿಗೆ ಬಂದ ತಾಯಿಯೊಬ್ಬರು ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಬೇಕಾದರೆ ಕೊಡೋಣ ಅಂತ. ಅವರ ಗಂಡ 1971ರ ಯುದ್ಧದಲ್ಲಿದ್ದವರು. ಆ ಗಂಟನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಗಳ ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಅನ್ನೋ ದೂರೂ ಇದೆ. ಅದನ್ನು ನೀವು ಸರಿ ಮಾಡಿದರೆ ಕೌಂಟರಿನ ಭಯ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ದೂರವೂ ಒಂದು ದೊಡ್ಡ ಸಮಸ್ಯೆ. ಸುರಪುರದಿಂದ ಕಲಬುರಗಿಗೆ ಸುಮಾರು 100 ಕಿ.ಮೀ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110, ಹೈದರಾಬಾದ್ ಸುಮಾರು 220. ಫೌಜಿಗಳಿಗೆ ಸಿಕಂದರಾಬಾದಿನ ಮೇಲೆ ಭಾರಿ ನಂಬಿಕೆ. ಎದೆನೋವು ಬಂದವರನ್ನು ಇಲ್ಲಿ ಎಲ್ಲೂ ನಿಲ್ಲಿಸದೆ ಜೀಪಿನಲ್ಲಿ ಹಾಕಿಕೊಂಡು ಸೀದಾ ಅಲ್ಲಿಗೆ ಹೊರಡುವವರಿದ್ದಾರೆ. ದಾರಿಯಲ್ಲೇ ನಾಲ್ಕೈದು ಗಂಟೆ ಹೋಗುತ್ತದೆ. ಹಾಗೆ ಮಾಡಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಅದು ಎಲ್ಲರಿಗೂ ಇದೆ, ಫೌಜಿಗೂ ಇದೆ. ಅದಾದ ಮೇಲೆ ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ನಿಮ್ಮ ಪಟ್ಟಿಯ ಆಸ್ಪತ್ರೆಗಳಿವೆ. ಎರಡು ಯೋಜನೆ ಬೇರೆ ಬೇರೆ ಇಲಾಖೆಯದು ಅಂತ ಒಂದರ ಬಗ್ಗೆ ಇನ್ನೊಂದು ಕಡೆ ಯಾರೂ ಹೇಳುವುದಿಲ್ಲ. ರೋಗಿಗೆ ಇಲಾಖೆ ಯಾವುದಾದರೇನು?

ಮಾಜಿ ಸೈನಿಕರ ದೇಹದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಇವರನ್ನು ನೋಡುವ ಪ್ರತಿ ಆಸ್ಪತ್ರೆಗೂ ಇದು ಗೊತ್ತಿರಬೇಕು. ಬೆಂಗಳೂರಿನ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ, ತೋಪಖಾನೆಯಲ್ಲಿ ಇದ್ದು ಬಂದವರು ಇವರು. ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂದವರಿದ್ದಾರೆ, ಕಾರ್ಗಿಲ್ ನೋಡಿದವರಿದ್ದಾರೆ. ಸ್ಫೋಟದಲ್ಲಿ ಸಿಡಿದ ಲೋಹದ ಚೂರು ಕೆಲವರ ತೊಡೆಯಲ್ಲಿ, ಬೆನ್ನಲ್ಲಿ ಇನ್ನೂ ಹಾಗೇ ಇರುತ್ತದೆ. ತೆಗೆದರೆ ಅಪಾಯ ಜಾಸ್ತಿ ಅಂತ ಅಂದಿನ ಡಾಕ್ಟರ್‌ಗಳು ಬಿಟ್ಟಿರುತ್ತಾರೆ. ಅಂಥವರನ್ನು ಸುಮ್ನೆ ಎಂಆರ್‌ಐ ಯಂತ್ರಕ್ಕೆ ತಳ್ಳುವಂತಿಲ್ಲ. ಅದರ ಅಯಸ್ಕಾಂತ ಆ ಚೂರನ್ನು ಎಳೆಯಬಹುದು, ಬಿಸಿ ಮಾಡಬಹುದು. ಕಣ್ಣಿನ ಹತ್ತಿರವೋ ಬೆನ್ನುಹುರಿಯ ಹತ್ತಿರವೋ ಇದ್ದರೆ ಅನಾಹುತ. ಮೊದಲು ಕೇಳಬೇಕು, ಅನುಮಾನ ಬಂದರೆ ಎಕ್ಸ್‌ರೇ ತೆಗೆಯಬೇಕು. ಅವರಾಗಿ ಹೇಳುವುದಿಲ್ಲ. ಅಷ್ಟು ವರ್ಷದ ಮೇಲೆ ಅವರಿಗೆ ಅದು ಗಾಯ ಅಂತಲೇ ಅನಿಸುವುದಿಲ್ಲ.

ತೋಪಿನ ಪಕ್ಕ ನಿಂತವರಿಗೆ ಕಿವಿ ಮಂದ. ಆಸ್ಪತ್ರೆಯ ಗಲಾಟೆಯಲ್ಲಿ ಪ್ರಶ್ನೆ ಕೇಳಿಸುವುದಿಲ್ಲ. ಉತ್ತರ ತಪ್ಪಿ ಕೊಡುತ್ತಾರೆ. ಮುತ್ಯಾಗೆ ಬುದ್ಧಿ ಸರಿಯಿಲ್ಲ ಅಂತ ಕೇಸ್ ಪೇಪರಿನಲ್ಲಿ ಬರೆದುಬಿಡುತ್ತಾರೆ! ಮುಂದೆ ನಿಂತು, ಮುಖ ತೋರಿಸಿ, ನಿಧಾನ ಕೇಳಿದರೆ ಇಸವಿ ಸಮೇತ ಹೇಳುತ್ತಾರೆ. ನಿದ್ದೆಯಲ್ಲಿದ್ದವರನ್ನು ಭುಜ ಹಿಡಿದು ಅಲ್ಲಾಡಿಸಬಾರದು. ಕೆಲವರು ಬೆಚ್ಚಿ ಏಳುತ್ತಾರೆ, ಕೈ ಎತ್ತುತ್ತಾರೆ. ಕಾಲ ಬಳಿ ನಿಂತು "ಹವಾಲ್ದಾರ್ ಸಾಬ್" ಅಂತ ಕರೆದರೆ ಸಾಕು. ನಮ್ಮ ನರ್ಸ್‌ಗಳು ಇದನ್ನು ಚೆನ್ನಾಗಿ ಕಲಿತಿದ್ದಾರೆ. ನನಗೆ ಅವರ ಬಗ್ಗೆ ಹೆಮ್ಮೆ ಇದೆ.

ಕುಡಿತದ ಮಾತು ಎತ್ತಿದರೆ ಕೆಲವರಿಗೆ ಬೇಸರ ಆಗಬಹುದು. ಆದರೂ ಹೇಳಬೇಕು. ದಿನಾ ಕುಡಿಯುವವರು ಕಾಲು ಮುರಿದು ದಾಖಲಾದರೆ ಕುಡಿತ ಥಟ್ಟನೆ ನಿಲ್ಲುತ್ತದೆ. ಎರಡು ಮೂರನೇ ದಿನಕ್ಕೆ ಕೈ ನಡುಕ, ಬೆವರು, ಇಲ್ಲದ್ದು ಕಾಣಿಸುವುದು, ಫಿಟ್ಸ್ ಕೂಡ ಬರಬಹುದು. ಮೊದಲೇ ಗೊತ್ತಿದ್ದರೆ ತಡೆಯಬಹುದು. ಮನೆಯವರು ಮಾನಕ್ಕೆ ಹೆದರಿ ಮುಚ್ಚಿಡುತ್ತಾರೆ. ನಾವು ಕೇಳುವುದು ಬೈಯುವುದಕ್ಕಲ್ಲ.

ಇನ್ನು ಮಾತ್ರೆಗಳು. ಸೇನೆಯ ಕ್ಯಾಂಟೀನಿನ ಚೀಲದ ತುಂಬ ಮಾತ್ರೆ ತರುತ್ತಾರೆ. ಮೇಜಿನ ಮೇಲೆ ಸುರಿದು ಒಂದೊಂದೇ ಶೀಟು ತಿರುಗಿಸಿ ಓದುತ್ತೇನೆ. ಪಾಲಿಕ್ಲಿನಿಕ್ ಕೊಟ್ಟ ಬಿಪಿ ಮಾತ್ರೆ ಒಂದು ಹೆಸರಿನದು. ಅಲ್ಲಿ ಸ್ಟಾಕ್ ಇಲ್ಲದ ತಿಂಗಳು ಔಷಧಿ ಅಂಗಡಿಯಿಂದ ತಂದದ್ದು ಇನ್ನೊಂದು ಹೆಸರಿನದು. ಒಳಗಿರುವ ಮದ್ದು ಒಂದೇ, ಟೆಲ್ಮಿಸಾರ್ಟನ್. ಎರಡನ್ನೂ ದಿನಾ ನುಂಗುತ್ತಿರುತ್ತಾರೆ. ಬಿಪಿ ಬಿದ್ದು ಬಚ್ಚಲಲ್ಲಿ ಜಾರಿ ತಲೆ ಒಡೆದುಕೊಂಡು ಬರುತ್ತಾರೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಾದರೆ ರಕ್ತ ತೆಳು ಮಾಡುವ ಮಾತ್ರೆಯೂ ಇರುತ್ತದೆ. ಆಗ ಸಣ್ಣ ಪೆಟ್ಟಿಗೂ ತಲೆಯೊಳಗೆ ರಕ್ತಸ್ರಾವದ ಅಪಾಯ. ಬೇಸಿಗೆಯಲ್ಲಿ ನಮ್ಮ ಬಿಸಿಲು 42, 43 ಡಿಗ್ರಿ ದಾಟಿದಾಗ ನೀರಿಳಿಸುವ ಮಾತ್ರೆ ತಗೊಳ್ಳುವ ವಯಸ್ಸಾದವರು ರಕ್ತದಲ್ಲಿನ ಸೋಡಿಯಂ ಅನ್ನೋ ಲವಣ ಕಡಿಮೆಯಾಗಿ ಮಂಕಾಗಿ ಬರುತ್ತಾರೆ. ಪಾಲಿಕ್ಲಿನಿಕ್‌ನಲ್ಲಿ ಶೀಟು ಕೊಡುವಾಗ ಯಾವುದಕ್ಕೆ ಯಾವುದು, ಯಾವ ಹಳೇದನ್ನು ಬಿಡಬೇಕು ಅಂತ ಕನ್ನಡದಲ್ಲಿ ಬರೆದುಕೊಟ್ಟರೆ ಇದರಲ್ಲಿ ಬಹಳಷ್ಟು ನಿಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು ಅಂತೀರಿ. ಮೊದಲನೆಯದಾಗಿ ಆ ಹಾಳೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಉರ್ದು ಮತ್ತು ಮರಾಠಿ ಮಾತಾಡುವ ಮನೆಗಳೂ ಇಲ್ಲಿ ಬಹಳ ಇವೆ, ಅವರಿಗೆ ಅವರ ಭಾಷೆಯಲ್ಲಿ. ಯಾವ ತೊಂದರೆಗೆ ನೇರ ಬರಬಹುದು, ಜಿಲ್ಲೆಯ ಯಾವ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, 108ಕ್ಕೆ ಕರೆ ಮಾಡಿ, ಮುಂಗಡ ಕೇಳಿದರೆ ಯಾರಿಗೆ ಫೋನ್ ಮಾಡಬೇಕು. ಅದರ ಹಿಂದುಗಡೆ ಮನೆಯವರೇ ತುಂಬಿಸಲು ಜಾಗ ಬಿಡಿ: ಇರುವ ಕಾಯಿಲೆ, ತಗೊಳ್ಳುವ ಮಾತ್ರೆ, ಮೈಯಲ್ಲಿ ಲೋಹದ ಚೂರು ಇದೆಯಾ, ಯಾವ ಮದ್ದು ಒಗ್ಗುವುದಿಲ್ಲ. ಇದನ್ನು ಗೋಡೆಗೆ ಅಂಟಿಸಲಿ, ಟ್ರಂಕಿನಲ್ಲಿ ಇಡುವುದು ಬೇಡ.

ಎರಡನೆಯದು ರಾತ್ರಿ ಎತ್ತುವ ಒಂದು ಫೋನು. ಕನ್ನಡ ಮಾತಾಡುವ ಒಬ್ಬರು ಆ ಕಡೆ ಇರಬೇಕು. ಕೌಂಟರಿನ ಹುಡುಗ ಡಿಪಾಸಿಟ್ ಕೇಳಿದಾಗ ಅವನಿಗೆ "ದಾಖಲು ಮಾಡಿಕೊಳ್ಳಿ, ನಿಯಮ ಇದೆ" ಅಂತ ಹೇಳುವ ಧ್ವನಿ ಬೇಕು. ಇಷ್ಟಾದರೆ ಎಷ್ಟೋ ಜೀವ ಉಳಿಯುತ್ತದೆ. ಜಿಲ್ಲಾಡಳಿತದವರು ತಾಲ್ಲೂಕು ಆಸ್ಪತ್ರೆ ಮತ್ತು ಪಟ್ಟಿಯ ಆಸ್ಪತ್ರೆಗಳ ರಾತ್ರಿ ಸಿಬ್ಬಂದಿಯನ್ನು ಒಂದು ಮಧ್ಯಾಹ್ನ ಕೂರಿಸಿ ಇದನ್ನೆಲ್ಲ ಹೇಳಿಸಲಿ. ವಿಧವೆಯರ ಕಾರ್ಡಿನ ಕೆಲಸವನ್ನು ಸೈನಿಕ ಕಲ್ಯಾಣ ಇಲಾಖೆಯವರು ತಾಲ್ಲೂಕಿಗೇ ಹೋಗಿ ಮಾಡಿಕೊಡಲಿ. ಸರ್ವಿಸ್ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಅಂತ ಆ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜನವರಿ 14ರಂದು ಮಾಜಿ ಸೈನಿಕರ ದಿನ ಆಚರಿಸುತ್ತೀರಿ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ ಅದು. ಶಾಲು ಹೊದಿಸುತ್ತೀರಿ, ಹಾರ ಹಾಕುತ್ತೀರಿ. ಸಂತೋಷ. ಮುಂದಿನ ಜನವರಿ 14ಕ್ಕೆ ಶಾಲಿನ ಜೊತೆ ಆ ಹಾಳೆಯನ್ನೂ ಕೊಡಿ, ಹೆಂಡತಿಯರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಹಾಳೆಯಲ್ಲಿ ಏನು ಬರೆಯಬೇಕು ಅನ್ನುವ ಕರಡನ್ನು ನಾನು ಬರೆದುಕೊಡುತ್ತೇನೆ, ನೀವು ತಿದ್ದಿ. ಮೂರು ಜಿಲ್ಲೆಯಲ್ಲಿ ಎಲ್ಲಿ ಸಭೆ ಕರೆದರೂ ಬಂದು ಮಾತಾಡುತ್ತೇನೆ, ನಮ್ಮ ನರ್ಸ್‌ಗಳೂ ಬರುತ್ತಾರೆ. ಆಳಂದದಿಂದ ಶುರು ಮಾಡೋಣ ಅಂತ ನನ್ನ ಆಸೆ. ದಿನ ಗೊತ್ತು ಮಾಡಿ ತಿಳಿಸಿ.

ಇಂತಿ,
ಕಲಬುರಗಿಯ ತುರ್ತು ಚಿಕಿತ್ಸಾ ವಿಭಾಗದ ಒಬ್ಬ ವೈದ್ಯೆ